ಒಗೆದಿಟ್ಟ ಅಂಗಿ

ಅಡುಗೆಮನೆಯಲ್ಲಿ ಪರಪರ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಪ್ಲಾಸ್ಟಿಕ್ ಚೀಲದ ಸದ್ದು. ಸದ್ದಾಗಬಾರದೆಂದು ಯಾರೋ ತೀರಾ ಜೋಪಾನ ಮಾಡಿದಾಗ ಮಾತ್ರ ಹುಟ್ಟುವಂಥದ್ದು. ಇಲಿಗಾದರೆ ಇಷ್ಟು ಸಂಕೋಚವಿರುವುದಿಲ್ಲ ಎಂದುಕೊಂಡು ಅತ್ತೆ ಹಾಸಿಗೆಯಿಂದ ಎದ್ದಳು. ಪಕ್ಕದಲ್ಲಿ ಯಜಮಾನರ ಗೊರಕೆ ಏರುತ್ತ ಇಳಿಯುತ್ತ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಅಡುಗೆಮನೆಯಲ್ಲಿ ಸೊಸೆ ಗೂಡಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೈಯಲ್ಲಿ ಲೋಟ.

"ನೀರು ಕುಡಿಯೋಕೆ ಬಂದೆ ಅತ್ತೆ."

"ಲೋಟ ಒಣಗಿದೆಯಲ್ಲ."

"ಕುಡಿಯೋಣ ಅಂತ ಬಂದೆ. ಇನ್ನೂ ಕುಡಿದಿಲ್ಲ."

ಅತ್ತೆ ಸರಿ ಎಂದು ಹೋಗಿ ಮಲಗಿದಳು. ನಿದ್ದೆ ಮಾತ್ರ ಆ ಪರಪರದ ಹಿಂದೆಯೇ ಹೊರಟುಹೋಗಿತ್ತು.

ಬೆಳಿಗ್ಗೆ ಮನೆ ಖಾಲಿಯಾಗುವುದನ್ನೇ ಅವಳು ಕಾದಳು. ಸೊಸೆ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವಳು; ಶೆಡ್ಡಿನ ಮಾಡಿನ ಕೆಳಗೆ, ಏಣಿ ಹತ್ತಿ ಹೋಗಬೇಕಾದ ಗಾಜಿನ ಕ್ಯಾಬಿನ್ನಿನಲ್ಲಿ ಅವಳ ದಿನ ಕಳೆಯುತ್ತಿತ್ತು. ಮಗ ಅದೇ ಕಾರ್ಖಾನೆಯ ಗೇಟಿನಲ್ಲಿ ಲಾರಿಗಳ ತೂಕ ನೋಡುವವನು. ಗುಬ್ಬಿ ಎಂದು ಕರೆಸಿಕೊಳ್ಳುವ ಮೊಮ್ಮಗಳು ಶಾಲೆಗೆ ಹೋದಳು. ಯಜಮಾನರು, ಅದೇ ಶೆಡ್ಡಿನಲ್ಲಿ ತಲೆ ನರೆಯುವತನಕ ಕ್ರೇನಿಗೆ ಸನ್ನೆ ತೋರಿಸಿ ನಿವೃತ್ತರಾದ ಮೇಸ್ತ್ರಿ, ಪೇಪರು ಓದಲು ಚಹಾದಂಗಡಿಗೆ ನಡೆದರು. ಅತ್ತೆ ಚಿಲಕ ಹಾಕಿ ಬಂದು ಗೂಡಿನಲ್ಲಿ ಕೈಯಾಡಿಸಿದಳು. ಹಿಟ್ಟಿನ ಡಬ್ಬಿಯ ಹಿಂದೆ, ಗೋಡೆಗೆ ಒತ್ತಿಟ್ಟ ಚೀಲ. ಚೀಲದೊಳಗೆ ಸೊಸೆಯ ಕೆಲಸದ ಅಂಗಿ.

ಅಂಗಿಯ ಬೆನ್ನಿನಲ್ಲಿ, ಸೊಂಟದ ಹತ್ತಿರ, ಗ್ರೀಸಿನ ಕೈ ಮೂಡಿತ್ತು. ಮೆತ್ತಿದ ಕಲೆಯಲ್ಲ, ಒರೆಸಿದ ಕಲೆಯಲ್ಲ. ಅಂಗೈ, ಹೆಬ್ಬೆರಳು, ಬೆರಳುಗಳು ಎಲ್ಲ ಅಚ್ಚೊತ್ತಿದಂತೆ. ಉಂಗುರದ ಬೆರಳು ಮಾತ್ರ ಅರ್ಧಕ್ಕೇ ನಿಂತಿತ್ತು.

ಅತ್ತೆ ಆ ಗುರುತಿನ ಮೇಲೆ ಬೆರಳಿಟ್ಟು ನೋಡಿದಳು. ಆ ಬೆರಳು ಅರ್ಧವಾದ ವರ್ಷ ಅವಳಿಗೆ ನೆನಪಿತ್ತು. ಯಜಮಾನರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗ, ಉಕ್ಕಿನ ಹಗ್ಗಕ್ಕೆ ಬೆರಳು ಕೊಟ್ಟು, ಬ್ಯಾಂಡೇಜು ಸುತ್ತಿಕೊಂಡು, ಇದೇ ಮನೆಯ ಜಗಲಿಯಲ್ಲಿ ಮಲಗಿದ್ದ. ಅವಳೇ ಚಮಚದಲ್ಲಿ ಉಣ್ಣಿಸಿದ್ದಳು. ಮನೆಯಲ್ಲಿ ಎಲ್ಲರೂ ಅವನನ್ನು 'ಶಿಷ್ಯ' ಎಂದೇ ಕರೆಯುತ್ತಿದ್ದರು. ಯಜಮಾನರು ನಿವೃತ್ತರಾದ ಮೇಲೆ ಸನ್ನೆ ಮೇಸ್ತ್ರಿಯ ಕೆಲಸ ಅವನಿಗೇ ಬಂದಿತ್ತು. ಸೊಸೆ ಮೇಲೆ, ಶಿಷ್ಯ ಕೆಳಗೆ. ಅವನ ಕೈ ನೋಡಿಕೊಂಡು ಅವಳು ಕಬ್ಬಿಣ ಎತ್ತಬೇಕು, ಇಳಿಸಬೇಕು.

ಅಯ್ಯೋ ಹುಡುಗಿ, ಎಂದುಕೊಂಡಳು ಅತ್ತೆ. ನಾಚಿಕೆಗೆ ಬಚ್ಚಿಟ್ಟಿದೆ. ಎಲ್ಲರೆದುರು ಒಗೆಯಲಾರದೆ, ಬಿಸಾಡಲಾರದೆ. ಹೆಣ್ಣುಮಕ್ಕಳು ಬಟ್ಟೆ ಬಚ್ಚಿಡುವುದಕ್ಕೆ ಬೇರೆ ಕಾರಣವನ್ನು ಅವಳು ಕಂಡವಳಲ್ಲ. ಅವಳೂ ಹುಡುಗಿಯಾಗಿದ್ದಾಗ ಒಂದು ಬಟ್ಟೆಯನ್ನು ಹೀಗೇ ಯಾರೂ ಇಲ್ಲದ ಹೊತ್ತು ನೋಡಿ ಒಗೆದಿದ್ದಳು. ಯಾಕೆ ಒಗೆದೆ ಎಂದು ಅವಳ ತಾಯಿ ಕೇಳಿರಲಿಲ್ಲ. ಆ ಕೇಳದಿದ್ದುದಕ್ಕೆ ಅವಳು ಇಂದಿಗೂ ಋಣಿ.

ಆದ್ದರಿಂದ ಅತ್ತೆ ಏನೂ ಕೇಳುವುದಿಲ್ಲವೆಂದು ನಿರ್ಧರಿಸಿ, ಅಂಗಿ ಒಗೆದಳು. ಸೀಮೆಎಣ್ಣೆ ಹಚ್ಚಿ ತಿಕ್ಕಿದಳು, ಸೋಪು ಹಚ್ಚಿ ಬ್ರಷ್ಷಿನಲ್ಲಿ ಉಜ್ಜಿದಳು, ಬಿಸಿನೀರಿನಲ್ಲಿ ಅದ್ದಿ ಮತ್ತೆ ತಿಕ್ಕಿದಳು. ಹೆಬ್ಬೆರಳು ಮೊದಲು ಹೋಯಿತು. ಅರ್ಧ ಬೆರಳು ಕೊನೆಯತನಕ ಹಟ ಮಾಡಿತು. ಸಂಜೆಯೊಳಗೆ ಅಂಗಿ ಒಣಗಿ, ಇಸ್ತ್ರಿಯಾಗಿ, ಸೊಸೆಯ ಕಪಾಟಿನಲ್ಲಿ ಮಡಿಸಿ ಕೂತಿತ್ತು. ಇಷ್ಟು ಒಳ್ಳೆಯ ಕೆಲಸವನ್ನು ಇತ್ತೀಚೆಗೆ ತಾನು ಮಾಡಿಲ್ಲ ಎಂದು ಅತ್ತೆಗೆ ಅನ್ನಿಸಿತ್ತು.

ಸೊಸೆ ಬಂದವಳು ಕೈಕಾಲು ತೊಳೆದು ಅಡುಗೆಮನೆಗೆ ಹೋದಳು. ಹಿಟ್ಟಿನ ಡಬ್ಬಿ ಸರಿದ ಸದ್ದಾಯಿತು. ಆಮೇಲೆ ಕಪಾಟಿನ ಬಾಗಿಲು ತೆಗೆದ ಸದ್ದು. ಆಮೇಲೆ ಅಂಗಿ ಹಿಡಿದುಕೊಂಡು ಅವಳು ನಡುಮನೆಗೆ ಬಂದಳು.

"ಇದನ್ನ ಯಾರು ಒಗೆದದ್ದು?"

"ನಾನೇ. ಇರ್ಲಿ ಬಿಡು, ಯಾರಿಗೂ ಹೇಳಿಲ್ಲ," ಎಂದಳು ಅತ್ತೆ ದನಿ ತಗ್ಗಿಸಿ.

"ಒಗೀರಿ ಅಂತ ನಾನು ಹೇಳಿದ್ನಾ?"

"ಹೇಳ್ಬೇಕಾ? ಹೆಂಗಸಿನ ಕಷ್ಟ ಹೆಂಗಸಿಗೆ ಗೊತ್ತಾಗಲ್ವಾ?"

"ಅತ್ತೆ, ಮನೇಲಿ ಒಗೆಯೋಕೆ ಬಟ್ಟೆ ಗುಡ್ಡದ ಹಾಗೆ ಬಿದ್ದಿದೆ. ನಿಮ್ಮ ಮಗನ ಸಾಕ್ಸು ಎದ್ದು ನಡೆದಾಡೋ ಹಾಗಿದೆ. ಅದೆಲ್ಲ ಬಿಟ್ಟು, ಹಿಟ್ಟಿನ ಡಬ್ಬಿ ಹಿಂದೆ ಗಂಟು ಕಟ್ಟಿಟ್ಟಿದ್ದು ಮಾತ್ರ ನಿಮ್ಮ ಕಣ್ಣಿಗೆ ಬಿತ್ತಾ?" ಸೊಸೆ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ನೆರಳು ಕೂಡ ಉಳಿಸಿಲ್ಲ. ಮುಂದಿನ ವಾರ ಕಾರ್ಖಾನೆಯಲ್ಲಿ ವಿಚಾರಣೆ. ಕಮಿಟಿ ಮುಂದೆ ಇದನ್ನ ಹರವಬೇಕು ಅಂತ ಇಟ್ಟಿದ್ದೆ."

"ಕಮಿಟಿ ಮುಂದೆಯಾ? ಇದನ್ನಾ? ನಾಲ್ಕು ಜನ ಗಂಡಸರ ಎದುರಿಗಾ?"

"ಹರವೋದಕ್ಕೇ ಇಟ್ಟಿದ್ದು."

ಅಷ್ಟರಲ್ಲಿ ಮಗನೂ ಯಜಮಾನರೂ ಒಳಗೆ ಬಂದರು. ಮುಚ್ಚಿಡುವ ಮಾತೇ ಉಳಿಯಲಿಲ್ಲ. ಸೊಸೆ ನಿಂತಲ್ಲೇ ಹೇಳಿದಳು: ಶಿಷ್ಯ ಸನ್ನೆಗಳ ನಡುವೆ ಹೊಲಸು ಸನ್ನೆ ಸೇರಿಸುತ್ತಾನೆ, ಏಣಿ ಇಳಿಯುವಾಗ ಕೆಳಗೆ ನಿಲ್ಲುತ್ತಾನೆ, ಮೊನ್ನೆ ಹಿಡಿದುಕೊಂಡ. ಕ್ರೇನ್ ಓಡಿಸುವ ಮೂವರು ಹೆಂಗಸರಿಗೂ ಇದೇ ಪಾಡು. ದೂರು ಕೊಟ್ಟಿದ್ದು ಮಾತ್ರ ಇಬ್ಬರು, ತಾನು ಮತ್ತು ಕಂಬ. ಎತ್ತರಕ್ಕಿದ್ದಾಳೆಂದು ಗಂಡಸರು ಇಟ್ಟ ಹೆಸರನ್ನು ಕಂಬ ತಾನೇ ಇಟ್ಟುಕೊಂಡ ಹಾಗೆ ಉಳಿಸಿಕೊಂಡಿದ್ದಳು. ಮೂರನೆಯವಳು ಮೆಲ್ಲಕ್ಕ. ಹಸಿವಾಯಿತೆಂಬುದನ್ನೂ ಪಿಸುಗುಟ್ಟಿ ಹೇಳುವವಳು, ದೂರಿಗೆ ಸಹಿ ಹಾಕುವುದುಂಟೆ?

"ನಮ್ಮ ಶಿಷ್ಯನಾ?" ಎಂದರು ಯಜಮಾನರು. "ನನ್ನ ಕೈಯಲ್ಲಿ ಪಳಗಿದವನಮ್ಮ ಅವನು. ಏಣಿ ಇಳಿಯುವಾಗ ಜಾರ್ತೀಯೇನೋ ಅಂತ ಹಿಡಿದಿರ್ತಾನೆ."

"ನಾನು ಜಾರಲಿಲ್ಲ ಮಾವ."

"ಜಾರೋ ಮೊದಲೇ ಹಿಡೀಬೇಕಲ್ವಾ?"

"ಸೊಂಟ ಹಿಡಿದು, ಬಿಡು ಅಂದ್ರೂ ಬಿಡದೇ ಇರೋದು ನೀವು ಕಲಿಸಿದ ಸನ್ನೆಗಳಲ್ಲಿ ಎಷ್ಟನೇದು?" ಸೊಸೆ ಅತ್ತೆಯ ಕಡೆ ತಿರುಗಿದಳು. "ಅಂಗಿ ಹೋದ್ರೆ ಹೋಗ್ಲಿ. ನೋಡಿದವರಿದ್ದಾರಲ್ಲ. ಹೇಳಿ ಅತ್ತೆ, ಕೈಯ ಗುರುತಿತ್ತೋ ಇಲ್ವೋ? ಬೆರಳು ಅರ್ಧ ಇತ್ತೋ ಇಲ್ವೋ?"

ಎಲ್ಲರೂ ಅತ್ತೆಯ ಮುಖ ನೋಡಿದರು. ಯಜಮಾನರ ನೋಟ ಎಲ್ಲಕ್ಕಿಂತ ಭಾರವಾಗಿತ್ತು.

"ನಾನು ಕನ್ನಡಕ ಹಾಕ್ಕೊಂಡಿರ್ಲಿಲ್ಲ," ಎಂದಳು ಅತ್ತೆ. "ಏನೋ ಕೊಳೆ ಅಂತ ಒಗ್ದೆ."

ಸೊಸೆ ಅಂಗಿಯನ್ನು ಮತ್ತೆ ಮಡಿಸಿದಳು, ಅತ್ತೆ ಮಡಿಸಿದ ಗೆರೆಗಳ ಮೇಲೆಯೇ. "ಇನ್ಮೇಲೆ ನನ್ನ ಬಟ್ಟೆ ಮುಟ್ಟಬೇಡಿ," ಎಂದು ಒಳಗೆ ಹೋದಳು.

ವಿಚಾರಣೆಯ ದಿನ ಅವಳು ಬಂದವಳೇ ಆಲೂಗಡ್ಡೆಯ ಸಿಪ್ಪೆ ತೆಗೆಯಲು ಕೂತಳು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು.

"ಏನಂದ್ರು?" ಎಂದ ಮಗ.

"ಅಂಗಿ ಎಲ್ಲಿ ಅಂದ್ರು. ಒಗೆದಿದ್ದಾರೆ ಅಂದೆ. ಯಾರು ಅಂದ್ರು. ನಮ್ಮತ್ತೆ ಅಂದೆ. ಒಬ್ಬರು ನಕ್ಕರು, ಇನ್ನೊಬ್ಬರು ಒಳ್ಳೇ ಅತ್ತೆ ಅಂದ್ರು. ಸಾಕ್ಷಿ ತಗೊಂಡು ಬನ್ನಿ ಅಂತ ಕಳಿಸಿದ್ರು. ಇನ್ನೊಂದು ಸಲ ಹಿಡಿದಾಗ ಸ್ವಲ್ಪ ತಾಳಪ್ಪ, ಸಾಕ್ಷಿ ಕರ್ಕೊಂಡು ಬರ್ತೀನಿ ಅಂತ ಅವನಿಗೆ ಹೇಳ್ಬೇಕೇನೋ."

"ಅದಕ್ಕೇ ಹೇಳಿದ್ದು, ಸುಮ್ನೆ ಬೇರೆ ಶೆಡ್ಡಿಗೆ ಹಾಕಿಸ್ಕೊ ಅಂತ."

"ಅವನು ಮಾಡಿದ್ದಕ್ಕೆ ನಾನು ಹೋಗ್ಬೇಕಾ? ಹಾಲಿಗೆ ಬೆಕ್ಕು ಬಾಯಿ ಹಾಕಿದ್ರೆ ಹಾಲನ್ನ ಮನೆಯಿಂದ ಓಡಿಸ್ತೀರಾ?"

ಮಗ ಸಿಪ್ಪೆ ಎತ್ತಿ ಬಿಸಾಡಲು ಹೋದ. ಅತ್ತೆ ಕೇಳಿಯೂ ಕೇಳದವಳಂತೆ ಒಲೆ ಒರೆಸಿದಳು.

ಆಮೇಲೆ ಕಂಬ, ಸೊಸೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಕ್ರೇನಿನ ಕೆಲಸದಲ್ಲಿ ಒಂದು ನಿಯಮವುಂಟು: ಅರ್ಥವಾಗದ ಸನ್ನೆ ಬಂದರೆ ನಿಲ್ಲಿಸಿಬಿಡಬೇಕು; ಸರಿಯಾದ ಸನ್ನೆ ಬರುವತನಕ ಕೊಕ್ಕೆ ಅಲುಗಬಾರದು. ನಿಯಮದ ಹಲಗೆಯನ್ನು ಶೆಡ್ಡಿನ ಗೋಡೆಗೇ ಮೊಳೆ ಹೊಡೆದು ತೂಗುಹಾಕಿದೆ. ಶಿಷ್ಯ ಹೊಲಸು ಸನ್ನೆ ಮಾಡಿದ ಕೂಡಲೇ ಸೊಸೆ ಕ್ರೇನ್ ನಿಲ್ಲಿಸಿ ಹಾರನ್ ಒತ್ತತೊಡಗಿದಳು. ಕಬ್ಬಿಣದ ತೊಲೆ ನಡುಗಾಳಿಯಲ್ಲಿ ತೂಗಾಡುತ್ತ ನಿಲ್ಲುತ್ತಿತ್ತು. ಕೆಳಗೆ ಕೆಲಸದವರೆಲ್ಲ ದೂರ ಸರಿದು ತಲೆಯೆತ್ತಿ ನೋಡುತ್ತಿದ್ದರು. ಮ್ಯಾನೇಜರ್ ಓಡಿ ಬಂದರೆ ಮೇಲಿನಿಂದ ಅವಳ ಉತ್ತರ ಒಂದೇ: "ಸನ್ನೆ ಅರ್ಥವಾಗ್ಲಿಲ್ಲ ಸಾರ್. ಏನಂತ ನೀವೇ ಕೇಳಿ ಹೇಳಿ." ಶಿಷ್ಯ ಏನೆಂದು ಹೇಳಿಯಾನು?

ಕಂಬ ಕ್ರೇನ್ ಓಡಿಸುವ ಸರದಿಯಲ್ಲೂ ಹೀಗೆಯೇ ಆಯಿತು. ಮೆಲ್ಲಕ್ಕನ ಸರದಿಯಲ್ಲಿ ಮಾತ್ರ ಕ್ರೇನ್ ನಿಲ್ಲುತ್ತಿರಲಿಲ್ಲ. ಅದಕ್ಕೇ ಶಿಷ್ಯ ಎಲ್ಲರೆದುರು, "ನೋಡಿ, ಒಳ್ಳೇ ಮನೆತನದವಳಿಗೆ ಸನ್ನೆ ಸರಿಯಾಗೇ ಅರ್ಥವಾಗುತ್ತೆ," ಎನ್ನುತ್ತಿದ್ದನಂತೆ.

ಕಬ್ಬಿಣ ಹೊರಡದೆ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು. ಶೆಡ್ಡಿನವರಿಗೆಲ್ಲ ಓಟಿ, ಹೆಚ್ಚು ಹೊತ್ತು ದುಡಿದರೆ ಸಿಗುವ ಕೂಲಿ, ನಿಂತಿತು. ಲಾರಿ ಡ್ರೈವರುಗಳು ಮಗನ ಕಿಟಕಿಗೆ ಬಂದು, "ಏನಪ್ಪಾ, ನಿಮ್ಮ ಮನೇಲೂ ಹೀಗೇ ಹಾರನ್ ಹೊಡೆದು ನಿಲ್ಲಿಸ್ತಾಳಾ?" ಎಂದು ಕೇಳಿ ನಗುತ್ತಿದ್ದರು. ಪಕ್ಕದ ಮನೆಯಾಕೆ, ಅವಳ ಗಂಡನೂ ಅದೇ ಶೆಡ್ಡಿನವನು, ಅತ್ತೆಯನ್ನು ಕಂಡರೆ ಬಕೆಟ್ಟು ಕುಕ್ಕಿ ಒಳಗೆ ಹೋಗುತ್ತಿದ್ದಳು.

"ನನ್ನ ಮುಖ ಎಲ್ಲಿಟ್ಟುಕೊಳ್ಳಲಿ?" ಎಂದ ಮಗ ಒಂದು ರಾತ್ರಿ ಊಟಕ್ಕೆ ಕೂತಾಗ.

"ಕುತ್ತಿಗೆ ಮೇಲೇ ಇರ್ಲಿ," ಎಂದಳು ಸೊಸೆ. "ಮನೇಲಿ ಅದಕ್ಕೆ ಬೇರೆ ಜಾಗ ಇಲ್ಲ."

ಗುಬ್ಬಿ ಕಿಸಕ್ಕೆಂದಳು. ಯಜಮಾನರು ಬೇಳೆಯ ಪಾತ್ರೆಯ ಕಡೆ ತೋರುಬೆರಳು ಎತ್ತಿ ಗಾಳಿಯಲ್ಲಿ ಸುತ್ತಿದರು. ಅಂದರೆ, ಇನ್ನೂ ಸ್ವಲ್ಪ ಹಾಕು. ಮುಷ್ಟಿ ಕಟ್ಟಿದರೆ ಸಾಕು. ಅಂಗೈ ಕೆಳಗೆ ಮಾಡಿ ಅಲುಗಿಸಿದರೆ ಪಾತ್ರೆ ಇಲ್ಲೇ ಇಡು. ಆಯುಷ್ಯವೆಲ್ಲ ಸನ್ನೆ ಮಾಡಿದ ಕೈ ನಿವೃತ್ತಿಯಾದ ಮೇಲೂ ಮಾತು ಕಲಿತಿರಲಿಲ್ಲ. ಅತ್ತೆ ಆ ಕೈ ನೋಡಿಕೊಂಡೇ ಸಂಸಾರ ಎತ್ತಿ ಇಳಿಸಿದ್ದಳು.

"ಲೋಡು ಗಾಳಿಯಲ್ಲಿ ನೇತುಹಾಕಿ ನಿಲ್ಲಿಸೋದು ಯಾವ ಸೀಮೆ ಕೆಲಸ?" ಎಂದರು ಅವರು ಬೇಳೆ ಕಲಸುತ್ತ. "ಕೆಳಗೆ ಜನ ಇರ್ತಾರೆ. ನನ್ನ ಕಾಲದಲ್ಲಿ ಒಂದೇ ಒಂದು ಸಲ ಹೀಗಾಗಿರ್ಲಿಲ್ಲ."

"ಅರ್ಥವಾಗದ ಸನ್ನೆ ಬಂದ್ರೆ ಏನು ಮಾಡ್ಬೇಕು ಮಾವ? ಕೆಲಸಕ್ಕೆ ಸೇರೋ ಮುಂಚೆ ಇದೇ ಜಾಗದಲ್ಲಿ ಕೂರಿಸಿ ನೀವೇ ಹೇಳಿಕೊಟ್ರಲ್ಲ."

"ಅರ್ಥವಾಗದ್ದು ಅಂದ್ರೆ... ಅದು ಬೇರೆ. ಸನ್ನೆ ಸನ್ನೆ ಅಂತೀಯ, ಯಾವ ಸನ್ನೆ? ತೋರಿಸು ನೋಡೋಣ. ಕೈ ಸ್ವಲ್ಪ ಆಚೀಚೆ ಆಗಿರುತ್ತೆ, ನೀವು ಹುಡುಗೀರು ಏನೇನೋ ಅಂದ್ಕೋತೀರಿ."

"ತೋರಿಸ್ಲಾ?"

"ತೋರಿಸು."

"ಬೇಡ ಕಣೇ," ಎಂದಳು ಅತ್ತೆ.

"ಗುಬ್ಬಿ, ಹೋಗಿ ಹೊರಗೆ ಲೈಟ್ ಆರಿಸಿ ಬಾ," ಎಂದು ಸೊಸೆ ಮಗಳನ್ನು ಕಳಿಸಿದಳು. ಎದ್ದು ಕೈ ತೊಳೆದಳು. ಬಾಗಿಲ ಮುಂದೆ, ಮೇಸ್ತ್ರಿಗಳು ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತಳು. "ಇದು ಎತ್ತು." ಬೆರಳು ಮೇಲಕ್ಕೆ ಸುತ್ತಿತು. ಯಜಮಾನರು ತಲೆಯಾಡಿಸಿದರು. "ಇದು ಇಳಿಸು. ಇದು ಎಡಕ್ಕೆ. ಇದು ನಿಧಾನ." ಒಂದೊಂದೂ ಅವರು ಕಲಿಸಿದ ಹಾಗೆಯೇ, ಕೂದಲೆಳೆ ವ್ಯತ್ಯಾಸವಿಲ್ಲದೆ. "ಇನ್ನು ಇದು, ನಾನು ಕೊಕ್ಕೆ ಇಳಿಸಿ ಅವನ ಕೈಯನ್ನೇ ನೋಡ್ತಿರುವಾಗ." ಅವಳ ಎರಡು ಕೈಗಳೂ ಸೇರಿ ಮತ್ತೊಂದನ್ನು ಮಾಡಿದವು. ಮುಖದಲ್ಲಿ ಏನೂ ಇರಲಿಲ್ಲ. "ಆಮೇಲೆ ಇದು."

ಯಜಮಾನರ ಕೈ ತಾನಾಗಿಯೇ ಮೇಲೆದ್ದು ಮುಷ್ಟಿಯಾಯಿತು. ಬೆರಳಿನ ಸಂದಿನಿಂದ ಬೇಳೆ ತೊಟ್ಟಿಕ್ಕಿತು.

ಸೊಸೆ ನಿಲ್ಲಿಸಿದಳು.

"ಇದಕ್ಕೆ ನಾನು ಎತ್ತಬೇಕೋ ಇಳಿಸಬೇಕೋ ಮಾವ?"

ಅವರು ತಟ್ಟೆ ಬಿಟ್ಟೆದ್ದರು. ಮರುದಿನದಿಂದ ಊಟಕ್ಕೆ ಕೂತರೆ ಕೈ ಮೇಲೇಳುತ್ತಿರಲಿಲ್ಲ. "ಸ್ವಲ್ಪ ಬೇಳೆ ಹಾಕು," "ಸಾಕು" ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಆದರೆ ಶಿಷ್ಯನ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಅವನ ಪರವೂ ಇಲ್ಲ, ವಿರೋಧವೂ ಇಲ್ಲ. "ನೀವಾದ್ರೂ ಹೋಗಿ ಕಮಿಟಿಗೆ ಒಂದು ಮಾತು ಹೇಳ್ಬಾರ್ದೇನ್ರಿ?" ಎಂದು ಅತ್ತೆ ಕೇಳಿದ್ದಕ್ಕೆ, "ನಾನು ಕಣ್ಣಾರೆ ಕಂಡಿದ್ದೀನಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಕಣ್ಣಾರೆ ಕಂಡವಳು ಪಕ್ಕದಲ್ಲಿ ಮಲಗಿ ಮೇಲಿನ ಸೂರು ನೋಡಿದಳು.

ಶಿಷ್ಯ ಬಂದದ್ದು ಮನೆಯಲ್ಲಿ ಅವಳೊಬ್ಬಳೇ ಇದ್ದ ಒಂದು ಮಧ್ಯಾಹ್ನ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖದಲ್ಲಿ ಹಳೆಯ ಸಲುಗೆ.

"ಗುರುಗಳಿಲ್ವಾ ಅಕ್ಕಾ? ಇರ್ಲಿ, ನಿಮ್ಮನ್ನ ನೋಡೋಕೇ ಬಂದದ್ದು." ಕೂರು ಎನ್ನುವ ಮೊದಲೇ ಕೂತ. "ಸೊಸೆಗೆ ನೀವೇ ಸ್ವಲ್ಪ ಬುದ್ಧಿ ಹೇಳಿ. ಒಂದು ತಮಾಷೆಗೆ ಇಷ್ಟು ರಂಪ ಮಾಡಿದ್ರೆ ಹೇಗೆ? ಮೇಲೆ ಕೂತು ಕೂತು ಬೇಜಾರಾಗಿರುತ್ತಲ್ಲ ಅಂತ ನಗಿಸೋಕೆ ಮಾಡಿದ್ದು."

"ಹಿಡ್ಕೊಂಡಿದ್ದೂ ನಗಿಸೋಕೇನಾ?"

"ಒಂದು ಸಲ ಕೈ ಹಾಕಿದ್ರೆ ಸವೆದು ಹೋಗ್ತಾಳಾ ಅಕ್ಕಾ?" ಅವನು ನಕ್ಕ. "ಆದ್ರೆ ನಿಮ್ಮ ಉಪಕಾರ ಮಾತ್ರ ಈ ಜನ್ಮದಲ್ಲಿ ಮರೆಯಲ್ಲ. ಅಂಗಿ ನೀವೇ ಒಗೆದ್ರಂತೆ, ನಿಮ್ಮ ಮಗ ಗೇಟಿನಲ್ಲಿ ಹೇಳ್ದ. ಅವತ್ತು ಚಮಚದಲ್ಲಿ ತಿನ್ನಿಸಿದ್ರಿ, ಇವತ್ತು ಕೆಲಸ ಉಳಿಸಿದ್ರಿ. ತಾಯಿ ಅಂದ್ರೆ ನೀವೇ."

ಅರ್ಧ ಬೆರಳಿನ ಆ ಕೈ ಹಣ್ಣಿನ ಚಿಪ್ಪನ್ನು ಅವಳ ಮಡಿಲಿಗೆ ಇಟ್ಟಿತು.

ಅವನು ಹೋದಮೇಲೆ ಅತ್ತೆ ಹಣ್ಣನ್ನು ನೋಡುತ್ತ ಕೂತಳು. ಬೈದಿದ್ದರೆ ಸಹಿಸಬಹುದಿತ್ತು. ಧನ್ಯವಾದ ಹೇಳಿಬಿಟ್ಟನಲ್ಲ. ಸೊಸೆಗೆಂದು ತಿಕ್ಕಿದ್ದು, ಮೊಣಕೈ ನೋಯುವತನಕ ಉಜ್ಜಿದ್ದು, ಎಲ್ಲ ಇವನ ಖಾತೆಗೆ ಹೋಗಿ ಬಿದ್ದಿತ್ತು. ಅವಳು ಹಣ್ಣನ್ನು ಬೀದಿಯ ಹಸುವಿಗೆ ಹಾಕಿದಳು. ಹಸು ಸಂಕೋಚವಿಲ್ಲದೆ ತಿಂದಿತು.

ಮಾರನೆಯ ದಿನ ತರಕಾರಿ ಚೀಲ ಹಿಡಿದು ಹೊರಟಳು. ಕಾರ್ಖಾನೆಯ ಕಚೇರಿ ಗೇಟಿನ ಈಚೆಗೆ, ಬೀದಿಗೆ ಮುಖ ಮಾಡಿದ್ದರಿಂದ ಮಗನ ಕಣ್ಣಿಗೆ ಬೀಳುವ ಭಯವಿರಲಿಲ್ಲ. ಕಮಿಟಿಯ ಮೇಡಂ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅತ್ತೆ ಲೋಟ ಕೆಳಗಿಟ್ಟು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಕೈ ಎಲ್ಲಿತ್ತು, ಯಾವ ಬೆರಳು ಎಷ್ಟಿತ್ತು, ಅವನು ಮನೆಗೆ ಬಂದು ಏನಂದ.

"ಇಷ್ಟೆಲ್ಲ ಕಂಡ ಮೇಲೂ ಯಾಕಮ್ಮ ಒಗೆದ್ರಿ?"

"ಕೊಳೆ ಇದ್ರೆ ಒಗೀಬೇಕು ಅಂತ ತಿಳ್ಕೊಂಡಿದ್ದೆ. ಯಾರ ಕೊಳೆ ಅಂತ ನೋಡ್ಲಿಲ್ಲ."

ಮೇಡಂ ಬರೆದುಕೊಂಡರು. "ನಿಮ್ಮ ಹೆಸರು ಈ ಕೋಣೆಯಿಂದ ಹೊರಗೆ ಹೋಗಲ್ಲ. ಅವನು ಅಂದದ್ದನ್ನ ಕೇಳಿದವರು ಒಬ್ಬರಿದ್ದಾರೆ ಅಂತಷ್ಟೇ ಹೇಳ್ತೀವಿ."

ಹೊರಗೆ ಬಂದರೆ ಬಾಗಿಲ ಪಕ್ಕದಲ್ಲಿ ಒಬ್ಬಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಸೊಸೆಯದೇ ಥರದ ಕೆಲಸದ ಅಂಗಿ.

"ಒಳಗೆ... ಬೈತಾರಾ?" ಎಂದಳು, ಉಸಿರಿಗಿಂತ ಸ್ವಲ್ಪವೇ ಗಟ್ಟಿಯಾಗಿ.

ಮೆಲ್ಲಕ್ಕ ಇವಳೇ ಎಂದು ಅತ್ತೆಗೆ ಆ ದನಿಯಿಂದಲೇ ತಿಳಿಯಿತು. "ಇಲ್ಲಮ್ಮ. ನೀರು ಕೊಡ್ತಾರೆ."

ಮೆಲ್ಲಕ್ಕ ಬಾಗಿಲ ಹಿಡಿಗೆ ಕೈ ಹಾಕಿದಳು, ತೆಗೆದಳು. ಪಡಸಾಲೆಯ ತುದಿಯಲ್ಲಿ ಇಬ್ಬರು ಗುಮಾಸ್ತರು ನಿಂತು ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ, ಬಂದ ದಾರಿಯಲ್ಲೇ ಹೊರಟುಹೋದಳು. ಅತ್ತೆ ಮಾರುಕಟ್ಟೆಗೆ ಹೋಗಿ ಆಲೂಗಡ್ಡೆ ತಂದಳು.

ಮುಂದಿನ ವಾರ ಸೊಸೆ ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ತೆಗೆದ್ರು. ಅವನನ್ನ ಶೆಡ್ಡಿನಿಂದ ತೆಗೆದ್ರು."

"ಕೆಲಸದಿಂದಾನಾ?" ಎಂದ ಮಗ.

"ಅಷ್ಟು ಪುಣ್ಯ ಎಲ್ಲಿ? ವಿಚಾರಣೆ ಮುಗಿಯೋವರೆಗೂ ಉಗ್ರಾಣದ ಬಾಗಿಲು ಕಾಯ್ತಾನೆ. ಕುರ್ಚಿ ಕೊಟ್ಟಿದ್ದಾರೆ. ಫ್ಯಾನು ಬೇರೆ. ನಾವು ಮಾಡಿನ ಕೆಳಗೆ ಬೇಯ್ತಿದ್ದೀವಿ, ಶಿಕ್ಷೆ ಅನುಭವಿಸೋನು ಗಾಳಿ ತಗೊಳ್ತಿದ್ದಾನೆ." ಆದರೂ ಅವಳ ದನಿಯಲ್ಲಿ ಬಹಳ ದಿನದಿಂದ ಕಾಣದ ಹುರುಪಿತ್ತು. "ಅವನು ಬಾಯಿಬಿಟ್ಟು ಒಪ್ಪಿಕೊಂಡಿದ್ದನ್ನ ಯಾರೋ ಕೇಳಿಸ್ಕೊಂಡು ಹೋಗಿ ಹೇಳಿದ್ದಾರಂತೆ. ಕಮಿಟಿ ಹೆಸರು ಹೇಳ್ತಿಲ್ಲ. ಆದ್ರೆ ನಮಗೆ ಗೊತ್ತು."

ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿತು. "ಯಾರಂತೆ?"

"ಮೆಲ್ಲಕ್ಕ. ಕಮಿಟಿ ಬಾಗಿಲಲ್ಲಿ ನಿಂತಿದ್ದನ್ನ ಗುಮಾಸ್ತರು ನೋಡಿದ್ದಾರೆ. ನಾನಲ್ಲ ನಾನಲ್ಲ ಅಂತಾಳೆ, ಪಾಪ, ಹೆದರ್ಕೊಂಡು. ಕಂಬ ಅವಳನ್ನ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಊಟಕ್ಕೆ ಮಧ್ಯದಲ್ಲಿ ಕೂರಿಸ್ಕೊಂಡ್ವಿ. ಇವತ್ತು ಹೊಸ ಮೇಸ್ತ್ರಿ ಬಂದು ಅವಳ ಕಡೆ ಸುಮ್ನೆ ಒಂದು ಸಲ ಕಣ್ಣು ಹೊಡೆದ ನೋಡಿ, ಕ್ರೇನ್ ನಿಲ್ಲಿಸಿ ಹಾರನ್ ಹೊಡೆದಳಲ್ಲ, ಶೆಡ್ಡೇ ನಡುಗಿತು. ನಾಳೆ ಅವಳೂ ದೂರಿಗೆ ಸಹಿ ಹಾಕ್ತಾಳೆ. ಶಿಷ್ಯ ಅವಳಿಗೆ ಮಾಡಿದ್ದು ಏನೇನಿದೆಯೋ ಎಲ್ಲ ಹೇಳ್ತಾಳಂತೆ. ಮೂರು ದೂರಾದ್ರೆ ಕುರ್ಚಿನೂ ಹೋಗುತ್ತೆ, ಫ್ಯಾನೂ ಹೋಗುತ್ತೆ."

ಯಜಮಾನರು ಪೇಪರಿನ ಹಿಂದಿನಿಂದ, "ಹೊಸ ಮೇಸ್ತ್ರಿಗೆ ಸನ್ನೆ ಸರಿಯಾಗಿ ಬರುತ್ತಾ?" ಎಂದಷ್ಟೇ ಕೇಳಿದರು.

"ಕಣ್ಣಿನದು ಬಿಟ್ರೆ ಉಳಿದದ್ದು ಬರುತ್ತೆ ಮಾವ."

ಸೊಸೆ ಅಡುಗೆಮನೆಗೆ ಬಂದು ನೀರು ಕುಡಿದಳು. ಮೂಲೆಯ ಬುಟ್ಟಿಯಲ್ಲಿ ಅವಳ ಅಂಗಿಗಳು ಬೇರೆಯೇ ಇದ್ದವು. ತಿಂಗಳಿನಿಂದ ಅವನ್ನು ಅವಳೇ ಒಗೆದುಕೊಳ್ಳುತ್ತಿದ್ದಳು. ಕೆಲಸದಿಂದ ಬಂದು, ಬೆನ್ನು ಹಿಡಿದುಕೊಂಡು. ಅತ್ತೆಯ ಬಾಯಿ ತೆರೆಯಿತು. 'ಹೋಗಿ ಹೇಳಿದವಳು ನಾನೇ' ಎಂಬ ಒಂದೇ ಮಾತು ಸಾಕಿತ್ತು. ಆ ಒಂದು ಮಾತಿಗೆ ಈ ಬುಟ್ಟಿ ಆ ಬುಟ್ಟಿಯ ಜೊತೆ ಸೇರುತ್ತಿತ್ತು, ಸೊಸೆ ಮೊದಲಿನ ಹಾಗೆ ಒಲೆಯ ಪಕ್ಕ ಕಾಲು ಚಾಚಿ ಕೂತು ದಿನದ ಸುದ್ದಿ ಹೇಳುತ್ತಿದ್ದಳು.

ಆದರೆ ನಾಳೆ ಮೆಲ್ಲಕ್ಕ ಕಮಿಟಿಯ ಬಾಗಿಲ ಹಿಡಿಗೆ ಕೈ ಹಾಕಬೇಕು. ಅವಳು ಆಗಲೇ ಒಂದು ಸಲ ಒಳಗೆ ಹೋಗಿ ಬಂದವಳೆಂದು ಲೋಕವೆಲ್ಲ ನಂಬಿರುವ ಬಲದಿಂದ ಹಾಕಬೇಕು.

"ಏನೋ ಹೇಳೋಕೆ ಹೊರಟ್ರಿ ಅತ್ತೆ?"

"ಏನಿಲ್ಲ. ಬಿಸಿನೀರು ಕಾದಿದೆ, ಬಟ್ಟೆ ಒಗೆಯೋದಾದ್ರೆ ಒಗ್ಕೊ ಅಂತ."

"ನಾನೇ ಒಗೀತೀನಿ. ನೀವು ಮುಟ್ಟಬೇಡಿ."

"ಮುಟ್ಟಲ್ಲ ಮಾರಾಯ್ತಿ. ನನಗೂ ಕನ್ನಡಕ ಇಲ್ಲದೆ ಏನೂ ಕಾಣಲ್ಲ," ಎಂದಳು ಅತ್ತೆ.

ಸೊಸೆ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಬ್ರಷ್ಷಿನ ಸದ್ದು ಶುರುವಾಯಿತು. ತೋಳಿನ ಪಟ್ಟಿಯನ್ನು ಅಡ್ಡಡ್ಡ ಉಜ್ಜುತ್ತಿದ್ದಾಳೆ, ಹಾಗೆ ಉಜ್ಜಿದರೆ ಬಟ್ಟೆ ಸವೆಯುತ್ತದೆ ಎಂದು ಅತ್ತೆಗೆ ಸದ್ದಿನಿಂದಲೇ ಗೊತ್ತಾಯಿತು. ಅದನ್ನೂ ಹೇಳುವುದಿಲ್ಲ, ಇದನ್ನೂ ಹೇಳುವುದಿಲ್ಲ. ಯಜಮಾನರಿಗಿಲ್ಲ, ಮಗನಿಗಿಲ್ಲ, ಸಾಯುವ ಹೊತ್ತಿಗೂ ಯಾರಿಗೂ ಇಲ್ಲ ಎಂದು ತೀರ್ಮಾನಿಸಿಕೊಂಡು, ಅವಳು ಒಲೆಯ ಮೇಲಿನ ಬೇಳೆಗೆ ಉಪ್ಪು ಹಾಕಿದಳು.